ಹಿಮದಿಂದ ಬಂದ ಎಡರೆಕ್ಕೆ

ಸ್ಯಾನ್ ರಮೋನ್
ಜೂನ್ ೩, ೨೦೨೫

ಪ್ರೀತಿಯ ಅಮ್ಮನಿಗೆ,

ಬರೆಯುತ್ತಿರುವುದಕ್ಕೇ ಮೊದಲು ಕ್ಷಮಿಸು. ಗ್ರೀನ್‌ಲ್ಯಾಂಡಿನ ಕ್ಯಾಂಪಿಗೆ ತುರ್ತಿದ್ದರೆ ಮಾತ್ರ ಬರೆ ಅಂತ ನೀನು ಅಂದಿದ್ದೆ. ನೀನು ಹಿಮದೊಳಗೆ ಮತ್ತೆ ಇಳಿಯುತ್ತೀಯ ಎಂದು ತಿಳಿದಾಗಿನಿಂದ ನನಗೆ ನಿದ್ದೆಯಿಲ್ಲ. ಇದು ತುರ್ತೇ ಅನ್ನಿಸಿತು. ಸಾಮಾನು ಒಯ್ಯುವ ವಿಮಾನದಲ್ಲಿ ಕಳಿಸುತ್ತಿದ್ದೇನೆ.

ಶನಿವಾರ ನಿಮ್ಮ ತಂಡದ ಜಗನ್ನಾಥ ಅಂಕಲ್ ನನ್ನನ್ನು ಲಿವರ್‌ಮೋರಿನ ವಿಮಾನದ ಹ್ಯಾಂಗರಿಗೆ ಕರೆದುಕೊಂಡು ಹೋಗಿದ್ದರು. ಹೋದ ಬೇಸಿಗೆಯಲ್ಲಿ ನೀವು ಎತ್ತಿದ ಯುದ್ಧವಿಮಾನದ ರೆಕ್ಕೆಗಳ ಪೆಟ್ಟಿಗೆ ಬಿಚ್ಚಿದೆವು. ಎಂಬತ್ತು ವರ್ಷ ಹಿಮದಡಿ ಇದ್ದದ್ದು! ಬಲರೆಕ್ಕೆ ಹಿಸುಕಿದ ಡಬ್ಬಿಯಂತಿದೆ. ಎಡರೆಕ್ಕೆ ಮಾತ್ರ ನೆಟ್ಟಗಿದೆ, ಎತ್ತುವ ಪಟ್ಟಿ ಬಿಗಿದಲ್ಲಿ ಒಂದು ಗೀರೂ ಇಲ್ಲ. ಅದನ್ನು ಕಟ್ಟಿದವಳು ನೀನಂತೆ, ಬಿಸಿನೀರಿನಿಂದ ಕರಗಿಸಿದ ಬಾವಿಯ ತಳದಲ್ಲಿ, ಸೊಂಟದವರೆಗೆ ನೀರಲ್ಲಿ ನಿಂತು. ಪಟ್ಟಿ ಬಿಗಿದಿದ್ದ ಜಾಗದ ಮೇಲೆ ಕೈಯಾಡಿಸಿದೆ.

ತುಂಡುಗಳ ಮೇಲೆಲ್ಲ ನೀನು ಕನ್ನಡದ ಅಂಕಿ ಬರೆದಿದ್ದೀಯ. ರಿವೆಟ್ ಹೊಡೆಯುವ ತಾಹಾ ಇಲ್ಲೇ ಹುಟ್ಟಿದವನು, ಕನ್ನಡ ಓದಲು ಬಾರದೆ ಗೋಳಾಡುತ್ತಿದ್ದ: “ಬ್ರೋ, ಇದು ಸಿಕ್ಸಾ, ನೈನಾ? ನಿನ್ ಮಾಮ್‌ಗೆ ಹೇಳೋ, ನಾರ್ಮಲ್ ಆಗಿ ಬರೀಲಿ!” ಮೈಸೂರಿನ ಹಾಸ್ಟೆಲಿನಲ್ಲಿ ನಾನು ಕಲಿತ ಕನ್ನಡ ಕೊನೆಗೂ ಕೆಲಸಕ್ಕೆ ಬಂತು.

“ಇನ್ನೂ ಹಿಮದ ಕೆಳಗಿರೋ ಎಂಜಿನ್‌ಗೂ ನಿಮ್ಮಮ್ಮನೇ ಇಳೀಬೇಕು,” ಎಂದರು ಅಂಕಲ್. “ಬೇರೆಯವರು ಕಟ್ಟಿದ್ರೆ ಏನಾಗತ್ತೆ, ಆ ಬಲಗಡೇದು ನೋಡಿದ್ಯಲ್ಲ. ಮೊನ್ನೆ ಜಾರಿಬಿದ್ದು ಕೈ ಮುರ್ಕೊಂಡ್ರೂ...”

“ಯಾರ ಕೈ?”

ಅವರು ಸ್ಪ್ಯಾನರ್ ಒರೆಸತೊಡಗಿದರು. “ಅಯ್ಯೋ. ನಿನ್ನ ಫಸ್ಟ್ ಇಯರ್ ಫೈನಲ್ಸ್ ಮುಗಿಯೋವರೆಗೂ ಹೇಳ್ಬೇಡಿ ಅಂದಿದ್ರು ಕಣೋ.”

ಅಮ್ಮ, ಇಳಿಯಬೇಡ ಎನ್ನುವುದಕ್ಕೇ ಈ ಕಾಗದ ಶುರುಮಾಡಿದ್ದು. ಆ ರೆಕ್ಕೆ ನೋಡಿದವನಿಗೆ ಹಾಗೆನ್ನಲು ಬಾಯಿ ಬರುವುದಿಲ್ಲ. ಇಳಿ. ಆದರೆ ಕೈ ಹೇಗಿದೆ, ಯಾವತ್ತು ಇಳಿಯುತ್ತೀಯ, ಅದನ್ನು ನನಗೇ ಹೇಳು.

ದೇವರು ನಿನ್ನನ್ನು ಚೆನ್ನಾಗಿಟ್ಟಿರಲಿ. ಒದ್ದೆ ಕಾಲುಚೀಲದಲ್ಲೇ ಮಲಗಿಬಿಡಬೇಡ.

ನಿನ್ನ
ಅಭಿರಾಮ್

ಮತ್ತೊಂದು ಮಾತು: ಡ್ಯಾಡ್ ತೀರಿಕೊಂಡಾಗಲೂ ನನ್ನ ಎಸ್ಸೆಸ್ಸೆಲ್ಸಿ ಪರೀಕ್ಷೆ ನಡೆಯುತ್ತಿತ್ತು. ಮೈಸೂರಿನ ಹಾಸ್ಟೆಲಿನಲ್ಲಿ ವಾರ್ಡನ್ನಿಗೆ ಗೊತ್ತಿತ್ತು, ಅಡುಗೆಯವರಿಗೂ ಗೊತ್ತಿತ್ತು. ಅದಕ್ಕೇ ದಿನಾ ನನ್ನ ತಟ್ಟೆಗೆ ಮಾತ್ರ ತುಪ್ಪ ಬೀಳುತ್ತಿತ್ತು. ಪರೀಕ್ಷೆ ಅಂತ ಬಡಿಸುತ್ತಾರೆ ಅಂದುಕೊಂಡು ಖುಷಿಯಿಂದ ತಿಂದೆ. ಕೊನೆಯ ಪೇಪರ್ ಬರೆದು ಬಂದ ಮೇಲೆ ಹೇಳಿದರು. ಅಷ್ಟರಲ್ಲಿ ಇಂಗ್ಲೆಂಡಿನಲ್ಲಿ ಡ್ಯಾಡ್‌ನ ಅಂತ್ಯಕ್ರಿಯೆಯೂ ಮುಗಿದಿತ್ತು. ಈಗ ನನ್ನ ಫೈನಲ್ಸ್ ಸೋಮವಾರ ಶುರು. ಆದರೂ ಇದ್ದದ್ದು ಇದ್ದಂತೆ ಬರೆ. ಬೇಗ ಉತ್ತರ ಕೊಡು.