ಒಂದೇ ಚುಕ್ಕೆಯಲ್ಲಿ ಊರಿನ ಬಾವಿಗಳೆಲ್ಲ

ಹಾಲೇಹಟ್ಟಿ,
ಹದಿನೇಳನೆಯ ಮಳೆಯ ವರ್ಷ, ಫೆಬ್ರುವರಿ 21

ಸರ್ವೆಯರ್ ಓಬಳೇಶಪ್ಪನವರಿಗೆ,

ನನ್ನ ಮಾತು ವಿಚಿತ್ರ ಅನ್ನಿಸಿದರೆ ಕ್ಷಮಿಸಿ. ನಾನು ಕೇಳುವ ಕ್ಷಮೆ ಇದೊಂದೇ. ಈ ಕಾಗದ ಇನ್ನೂರು ವರ್ಷ ಹಿಂದಕ್ಕೆ ಹೇಗೆ ಬಂತೆಂದು ವಿವರಿಸುವ ತಾಳ್ಮೆ ನನಗಿಲ್ಲ. ನೀವೀಗ ನಮ್ಮೂರ ಬಸ್‌ಸ್ಟ್ಯಾಂಡಿನ ಹೋಟೆಲಿನಲ್ಲಿ ಫ್ಯಾನಿನ ಕೆಳಗೆ ಕೂತು ಟೀ ಹೇಳಿದ್ದೀರಿ. ಅದು ಬರುವುದರೊಳಗೆ ಓದಿ ಮುಗಿಸಿ.

ನಮಗೆ ಮಳೆ ಏಳೆಂಟು ವರ್ಷಕ್ಕೊಮ್ಮೆ ಬರುತ್ತದೆ. ಕಾಲವನ್ನು ಎಣಿಸುವುದೂ ಅದರಿಂದಲೇ. ಒದ್ದೆ ಬಟ್ಟೆಯಲ್ಲಿ ಮೈ ಒರೆಸಿಕೊಳ್ಳುತ್ತೇವೆ, ಪಾತ್ರೆಯನ್ನು ಬೂದಿಯಲ್ಲಿ ಉಜ್ಜಿ ಬಿಸಿಲಿಗಿಡುತ್ತೇವೆ. ಮಳೆ ಬಂದಾಗ ನಿಮ್ಮ ಕಾಲದ ಬತ್ತಿದ ಕೊಳವೆಬಾವಿಗಳ ಬಾಯಿ ಬಿಡಿಸಿ, ನೀರನ್ನು ಸೋಸಿ ಒಳಗೆ ಇಳಿಸುತ್ತೇವೆ. ಇದಕ್ಕೆ ಉಣಿಸುವುದು ಎನ್ನುತ್ತೇವೆ. ನೆಲಕ್ಕೆ ಉಣಿಸಿದರೆ ಮುಂದಿನ ಮಳೆಯವರೆಗೆ ಕುಡಿಯಲು ಉಂಟು, ಇಲ್ಲವಾದರೆ ಇಲ್ಲ. ಬಾವಿಗಳು ಎಲ್ಲಿವೆಯೆಂದು ಹೇಳುವುದು ನೆಲಗನ್ನಡಿ. ನೀವು ಜಿಐಎಸ್ ಎನ್ನುತ್ತೀರಲ್ಲ, ಆ ನಕ್ಷೆಯೇ.

ನೆಲಗನ್ನಡಿಯಲ್ಲಿ ನಮ್ಮೂರಿಗೆ ಇರುವುದು ಒಂದೇ ಕೆಂಪು ಚುಕ್ಕೆ. ಅದನ್ನು ಮುಟ್ಟಿದರೆ ಊರಿನ ಬಾವಿಗಳೆಲ್ಲ ಒಂದರ ಕೆಳಗೊಂದು ತೆರೆದುಕೊಳ್ಳುತ್ತವೆ. ಪ್ರತಿಯೊಂದರ ಮುಂದೆ ನಿಮ್ಮ ಹೆಸರು, ಜೊತೆಗೆ "ಸ್ಥಳ ಪರಿಶೀಲಿಸಲಾಗಿದೆ" ಎಂಬ ಷರಾ. ಒಂದೇ ಜಾಗದಲ್ಲಿ ಇಷ್ಟು ಕೊರೆದಿದ್ದಾರೆಂದರೆ ಹಿರಿಯರು ಎಂಥ ಸೆಲೆ ಕಂಡಿದ್ದರೋ ಎಂದು ಆ ದಿಕ್ಕಿಗೆ ಕೈಮುಗಿದೆವು, ಮುಠ್ಠಾಳರು ನಾವು! ಊರೆಲ್ಲ ಸೇರಿ ಅಲ್ಲಿಗೆ ಕಾಲುವೆ ತೋಡಿದೆವು. ಆ ಜಾಗವನ್ನು ಮುಚ್ಚಿದ್ದ ಮರಳು ತೆಗೆಯುತ್ತಿರುವಾಗಲೇ ಮಳೆ ಸುರಿಯಿತು, ನೀರೆಲ್ಲ ಅಲ್ಲಿಗೇ ಹೋಯಿತು, ಹೋಗಿ ನಿಂತಿತು. ನನ್ನ ಮಗಳು ಕೆಂಚವ್ವ ಬಸುರಿ. ಸೊಂಟದ ಮಟ್ಟದ ನೀರಿನಲ್ಲಿ ಕೋಲು ಚುಚ್ಚುತ್ತಾ ಬಾವಿಯ ಬಾಯಿ ಹುಡುಕಿದಳು. "ಇಲ್ಲೇ ಎಲ್ಲೋ ಇರ್ಬೇಕು ಕಣವ್ವ, ಅಷ್ಟೊಂದ್ ಬಾವಿ ಎಲ್ಲಿಗೋಗ್ತಾವೆ?" ಎನ್ನುತ್ತಲೇ ಇದ್ದಳು.

ನೀರು ಬಿಸಿಲಿಗೆ ಆರಿಹೋದ ಮೇಲೆ ತಳ ಕಂಡಿತು. ಸಿಮೆಂಟಿನ ನೆಲ, ಒಡೆದ ಗಾಜಿನ ಲೋಟಗಳು, ಒಂದು ಒಲೆ, "ಬಿಸಿ ಬಿಸಿ ಟೀ" ಎಂಬ ತಗಡಿನ ಬೋರ್ಡು. ನೀವು ಕೂತ ಜಾಗದಿಂದ ಏಳಲೇ ಇಲ್ಲ, ಅಲ್ಲವೇ? ಊರಿನ ಬಾವಿಗಳನ್ನೆಲ್ಲ ಆ ಬೆಂಚಿನ ಮೇಲೆ ಕೂತೇ ಮೊಬೈಲಿಗೆ ತುಂಬಿದಿರಿ. ಬಾವಿಯವರೆಗೆ ನಡೆದಿದ್ದರೆ ನಿಮ್ಮ ಗಂಟೇನು ಹೋಗುತ್ತಿತ್ತು? ನಿಜವಾದ ಬಾವಿಯೊಂದು ಮೊನ್ನೆ ಸಿಕ್ಕಿತು, ನಮ್ಮ ಹಿತ್ತಲಲ್ಲೇ. ನಾವು ತೋಡಿದ ಕಾಲುವೆ ಅದರ ಪಕ್ಕದಲ್ಲೇ ಹಾದುಹೋಗಿದೆ.

ಅಮಾವಾಸ್ಯೆಯೊಳಗೆ ಊರು ಬಿಡಬೇಕೆಂದು ತೀರ್ಮಾನವಾಗಿದೆ. ಈ ಸ್ಥಿತಿಯಲ್ಲಿ ಕೆಂಚವ್ವ ಅಷ್ಟು ದೂರ ನಡೆಯಲಾರಳು.

ಟೀ ಕುಡಿಯಿರಿ, ಬೇಡವೆನ್ನುವುದಿಲ್ಲ. ಆಮೇಲೆ ಎದ್ದು ಹೋಗಿ, ಒಂದೊಂದು ಬಾವಿಯ ಹತ್ತಿರವೂ ನಿಂತು ಗುರುತು ಹಾಕಿ. ನೀವು ಎದ್ದರೆ ಈ ಚುಕ್ಕೆ ಒಡೆದು ಊರ ತುಂಬ ಹರಡಬೇಕು. ನೆಲಗನ್ನಡಿಯನ್ನು ಮಡಿಲಲ್ಲಿಟ್ಟುಕೊಂಡು ನೋಡುತ್ತಿದ್ದೇನೆ.

ಚುಕ್ಕೆ ಇನ್ನೂ ಒಂದೇ ಇದೆ. ಏಳಿ.

ಇತಿ,
ಉಣಿಸುವವರ ಮನೆಯ ಬೊಮ್ಮಕ್ಕ