ಒಡಕು ಕೊರಳನ್ನು ಪಟ್ಟಿಯಿಂದ ತೆಗೆಯಿರಿ

ಕಪ್ಪತಗುಡ್ಡದ ಕೆಳಗಿನ ಊರಿನಿಂದ,
ಇಸವಿ ೨೧೮೭, ಮಾರ್ಚ್ ೩೨

ಯಂತ್ರಕ್ಕೆ ಹಾಡಿನ ಮೊದಲ ಪಾಠ ಹೇಳುತ್ತಿರುವ ಹಿರಿಯರೇ,

ತಾರೀಖು ತಪ್ಪಿಲ್ಲ. ನಮ್ಮೂರಿನಲ್ಲಿ ಆಟ ಮುಗಿಯದೆ ಮಾರ್ಚ್ ಮುಗಿಯುವುದಿಲ್ಲ. ಅದಕ್ಕಾಗಿ ಒಂದು ದಿನವನ್ನು ಹೆಚ್ಚಿಗೆ ಇಟ್ಟುಕೊಂಡಿದ್ದೇವೆ. ನನ್ನ ಮಾತುಗಳಲ್ಲಿ ಕೆಲವು ನಿಮಗೆ ವಿಚಿತ್ರವೆನಿಸಿದರೆ ಕ್ಷಮಿಸಿ. ನಿಮ್ಮ ಕಾಲದ ಮಾತುಗಳನ್ನು ನಾನು ಹಳೆಯ ಕರಪತ್ರಗಳಿಂದ ಕಲಿತೆ. ‘ಪ್ರೇಕ್ಷಕ’ ಎಂಬುದು ಅವುಗಳಲ್ಲಿ ಒಂದು. ಕತ್ತಲಲ್ಲಿ ಕುಳಿತು, ಬಾಯಿ ಮುಚ್ಚಿಕೊಂಡು, ಎದ್ದು ಹೋಗುವವರು ಎಂದು ಅದರ ಅರ್ಥ ತಿಳಿದಾಗ ನಿಮ್ಮ ಮೇಲೆ ಮರುಕ ಬಂತು. ನಮ್ಮ ಆಟದಲ್ಲಿ ಅಂಥವರು ಒಬ್ಬರೂ ಇಲ್ಲ.

ನಮ್ಮ ಆಟ ಬೆಳಿಗ್ಗೆ, ಗುಡ್ಡದ ಮೇಲಿನ ಗಾಳಿಕಂಬಗಳು ತಿರುಗದೆ ನಿಂತಿರುವ ಹೊತ್ತಿನಲ್ಲಿ ಶುರುವಾಗುತ್ತದೆ. ಬಯಲಿನಲ್ಲಿ ನಲವತ್ತು ಜಮಖಾನೆ ಹಾಸುತ್ತೇವೆ. ಒಂದೊಂದು ಜಮಖಾನೆಯ ಮೇಲೆ ಇಪ್ಪತ್ತು ಜನ, ರೊಟ್ಟಿ ಬುತ್ತಿಯ ಸಮೇತ. ಮೂರಾಳು ಎತ್ತರದ ಅಟ್ಟಣಿಗೆಯ ಮೇಲೆ ಮೋಡರಾಯನ ವೇಷದವರು ಕೂರುತ್ತಾರೆ. ನಾವು ಕೆಳಗಿನಿಂದ ಹಾಡಿನಲ್ಲಿ ಜಗಳ ತೆಗೆಯುತ್ತೇವೆ, ಬೇಡುತ್ತೇವೆ, ಅಣಕಿಸುತ್ತೇವೆ. ಅವರು ಮೇಲಿನಿಂದ ಹಾಡಿ ಉತ್ತರ ಕೊಡಬೇಕು. ಎಂಟುನೂರು ಕೊರಳುಗಳನ್ನು ಅಷ್ಟು ಎತ್ತರಕ್ಕೆ ಒಯ್ಯುವುದು ಹಿಮ್ಮೇಳಿ. ನೀವು ಈಗ ಕಲಿಸುತ್ತಿರುವ ಯಂತ್ರದ ವಂಶದ ಕೂಸು ಅದು. ಎಲ್ಲರ ದನಿಯನ್ನೂ ಆಲಿಸಿ, ಹೆಣೆದು, ಆ ಕ್ಷಣಕ್ಕೆ ಬೇಕಾದ ರಾಗ ಹೊಂದಿಸಿ, ಬಯಲಿನ ಮೇಲೆಲ್ಲ ಒಂದೇ ಹಾಡಾಗಿ ತೇಲಿಬಿಡುತ್ತದೆ. ಯಾರಾದರೂ ಸಾಲು ಮರೆತರೆ ಮೊದಲ ಅಕ್ಷರವನ್ನು ಮೆಲ್ಲಗೆ ಎತ್ತಿಕೊಡುತ್ತದೆ. ಮಕ್ಕಳಿಗೆ ಅದರ ಮೇಲೆ ಬಹಳ ಪ್ರೀತಿ.

ಆಟದ ಕೊನೆಯ ಭಾಗ ಹೆಸರೆತ್ತುವುದು. ತೀರಿಕೊಂಡ ಒಬ್ಬರ ಹೆಸರನ್ನು ನಾವು ಹಾಡುತ್ತೇವೆ. ಮೋಡರಾಯ ಅದನ್ನು ತಿರುಗಿ ಹಾಡಿದರೆ ಆ ಹೆಸರು ಮೋಡ ಸೇರಿ ಆ ವರ್ಷದ ಮಳೆಯಲ್ಲಿ ಇಳಿಯುತ್ತದೆ ಎಂದು ನಮ್ಮ ನಂಬಿಕೆ. ಹಾಡದೆ ಬಿಟ್ಟರೆ ಮೋಡರಾಯ ಹೆಸರೆತ್ತಿದವರ ಮೇಲೆ ಮುನಿದಿದ್ದಾನೆ ಎಂದರ್ಥ. ಮುಂದಿನ ವರ್ಷ ಮತ್ತೆ ಬೇಡಬೇಕು. ಆಟದ ಹೊರಗೆ ವೇಷದವರ ಬಳಿ ಹೋಗಿ ಹೆಸರು ಹೇಳುವಂತಿಲ್ಲ. ಅದು ಶಿಫಾರಸು ಮಾಡಿಸಿದಂತೆ.

ನಮ್ಮ ಏಳನೇ ಜಮಖಾನೆಯಲ್ಲಿ ನನ್ನ ಮಗ್ಗುಲಿಗೆ ಕೂರುವವಳು ಫಕೀರವ್ವ ಆಯಿ. ಎಪ್ಪತ್ತೆಂಟು ವರ್ಷದ ಅಜ್ಜಿ. ತಂಗಿ ನೀಲವ್ವ ತೀರಿಕೊಂಡ ವರ್ಷವೇ ಆಯಿಗೆ ಗಂಟಲಿನ ಶಸ್ತ್ರಚಿಕಿತ್ಸೆಯಾಗಿ ದನಿ ಒಡೆಯಿತು. ಅಂದಿನಿಂದ ಒಂಬತ್ತು ಆಟಗಳಲ್ಲಿ ಆಕೆ ನೀಲವ್ವನ ಹೆಸರೆತ್ತಿದಳು. ಒಂಬತ್ತು ಸಲವೂ ಮೋಡರಾಯ ಸುಮ್ಮನಿದ್ದ. ಪ್ರತಿ ಸಲ ಯಾರ್ಯಾರದೋ ನಾಲ್ಕಾರು ಹೆಸರು ಹಾಗೆ ಉಳಿಯುತ್ತವೆ, ಹಾಗಾಗಿ ಯಾರಿಗೂ ಸಂಶಯ ಬರಲಿಲ್ಲ. ಆಯಿ ಮಾತ್ರ ಮನೆಗೆ ಹೋಗಿ, ಮೋಡರಾಯನನ್ನು ಬೈದು, ಆಮೇಲೆ ತಂಗಿಗೆ ತಾನು ಮಾಡಿದ ತಪ್ಪುಗಳನ್ನು ಒಂದೊಂದಾಗಿ ನೆನೆಯುತ್ತಿದ್ದಳು. ಹನ್ನೆರಡನೇ ವಯಸ್ಸಿನಲ್ಲಿ ಕಸಿದುಕೊಂಡ ಒಂದು ರಿಬ್ಬನ್ನಿನವರೆಗೂ ನೆನೆದಿದ್ದಳು.

ಈ ವರ್ಷ ನಾನು ಒಂದು ಕರಪತ್ರ ಬರೆಯಲು ಕೂತೆ. ‘ಹಿಮ್ಮೇಳಿಯನ್ನು ಇಳಿಸಿರಿ’ ಎಂದು ಹೆಸರೂ ಇಟ್ಟಾಗಿತ್ತು. ಜನರ ಕೊರಳಿನ ನಡುವೆ ದಲ್ಲಾಳಿ ಏಕೆ ಬೇಕು ಎಂಬುದು ನನ್ನ ವಾದ. ಪುರಾವೆಗಾಗಿ ಹಿಮ್ಮೇಳಿಯ ದಿನಚರಿ ಕೇಳಿದೆ. ಅದು ಏನನ್ನೂ ಮುಚ್ಚಿಡದೆ ತೆರೆದು ಕೊಟ್ಟಿತು. ಯಾರು ಏನು ಹಾಡಿದರೆಂದು ಅದರಲ್ಲಿ ಸಾಲುಸಾಲಾಗಿ ಇರುತ್ತದೆ. ಫಕೀರವ್ವನ ಹೆಸರಿನ ಮುಂದೆ ಒಂಬತ್ತು ವರ್ಷವೂ ಒಂದೇ ಮಾತು: ಸದ್ದು. ಒಡಕು ಕೊರಳು ಹಾಡಲ್ಲ, ಸದ್ದು ಎಂದು ಹಿಮ್ಮೇಳಿ ಕಲಿತ ಪಟ್ಟಿಯಲ್ಲಿದೆ, ಹಾಗಾಗಿ ಅವಳ ಹಾಡು ಅಟ್ಟಣಿಗೆಯನ್ನು ಮುಟ್ಟಿರಲೇ ಇಲ್ಲ.

ಓಡಿಹೋಗಿ ಆಯಿಗೆ ಹೇಳಿದೆ. ನನ್ನಷ್ಟೇ ಸಿಟ್ಟಾಗುತ್ತಾಳೆ ಎಂದುಕೊಂಡಿದ್ದೆ. ಆಕೆ ಚಹಾದ ಬಟ್ಟಲು ಕೆಳಗಿಟ್ಟಳು.

“ಹಂಗಾದ್ರ ಅಂವಾ ಮುನಿದಿದ್ದಿಲ್ಲ,” ಎಂದಳು.

“ಇಲ್ಲ ಆಯಿ. ಅಂವಗ ಮುಟ್ಟೇ ಇಲ್ಲ.”

“ನಾ ಸುಳ್ಳ ಬೈಕೋತ ಕುಂತೆ ನೋಡು ಪಾಪದವನ್ನ.” ನಂತರ ನನ್ನ ಕಡೆ ತಿರುಗಿದಳು. “ಅಲ್ಲವಾ ಹನೀಫಾ, ನೀ ನನ್ನ ಮಗ್ಗಲದಾಗ ಕುಂತಿರತಿದ್ದಿ. ಅದು ಮಷೀನು. ನಿನ್ನ ಕಿವಿ ಯಾವ ಪಟ್ಟಿ ಓದಿತ್ತು?”

ನಾವೆಲ್ಲ ಮೇಲೆ ತೇಲುವ ಚಂದದ ಹಾಡನ್ನು ಕೇಳುತ್ತಿದ್ದೆವೇ ಹೊರತು ಪಕ್ಕದವರನ್ನಲ್ಲ.

ಮೋಡರಾಯನ ವೇಷ ಕಟ್ಟುವ ದ್ಯಾವಪ್ಪ ಮಾಸ್ತರರೇ ಹಿಮ್ಮೇಳಿಯನ್ನೂ ನೋಡಿಕೊಳ್ಳುವವರು. ಆಯಿಯ ಕೊರಳಿನ ಸಂಗತಿಯನ್ನಷ್ಟೇ ಅವರಿಗೆ ಹೇಳಿದೆ, ನೀಲವ್ವನ ಹೆಸರನ್ನು ಹೇಳಲಿಲ್ಲ. ಪಟ್ಟಿ ತಿದ್ದಲು ತಮ್ಮಿಂದಾಗದು ಎಂದರು. ಹಾಡು ಯಾವುದು, ಸದ್ದು ಯಾವುದು ಎಂಬ ಆ ಪಟ್ಟಿಯನ್ನು ಮೊಟ್ಟಮೊದಲ ಪಾಠದ ಕೋಣೆಯಲ್ಲಿ ಬರೆದರಂತೆ. ಆಮೇಲಿನ ಕಲಿಕೆಯೆಲ್ಲ ಅದರ ಮೇಲೆ ನಿಂತಿದೆ. ಅಡಿಗಲ್ಲು ಕಿತ್ತರೆ ಗೋಡೆ ಬೀಳುತ್ತದೆ. ಆಗ ಹಿಮ್ಮೇಳಿಯೇ ಮಾತಾಡಿತು. ನಮ್ಮೂರಿನಲ್ಲಿ ಬೆಳೆದದ್ದು, ನಮ್ಮಂತೆಯೇ ಮಾತಾಡುತ್ತದೆ.

“ನನಗ ಅದು ಈಗೂ ಸದ್ದಾಗೇ ಕೇಳತೈತಿ, ಸುಳ್ಳ ಹೇಳೂದಿಲ್ಲ. ಆದ್ರ ಆಕಿ ಪಾಳಿ ಬಂದಾಗ ಸುಮ್ನಿರಾಕ ಬರತೈತಿ. ಅಷ್ಟೊತ್ತು ನೀವು ಕೇಳ್ರಿ.”

ಇಂದು ಬೆಳಿಗ್ಗೆ ಹಾಗೇ ಆಯಿತು. ಏಳನೇ ಜಮಖಾನೆಯ ಪಾಳಿ ಬಂದಾಗ ಬಯಲಿನ ಮೇಲಿದ್ದ ಹಾಡು ನಿಂತಿತು. ನಾವು ಬುತ್ತಿ ಬಿಚ್ಚುವುದನ್ನು ಬಿಟ್ಟೆವು. ಆಯಿ ಎದ್ದು ನಿಂತು, ನನ್ನ ಭುಜ ಹಿಡಿದು, ತಂಗಿಯ ಹೆಸರೆತ್ತಿದಳು. ಒಣ ಜೋಳದ ದಂಟು ಮುರಿದಂಥ ದನಿ. ಮೂರನೇ ಜಮಖಾನೆ ಮುಟ್ಟುವಷ್ಟರಲ್ಲಿ ಸೋತುಹೋಯಿತು. ಆಗ ಮೂರನೆಯವರು ಅದನ್ನು ಎರಡನೆಯವರಿಗೆ ದಾಟಿಸಿದರು, ಎರಡನೆಯವರು ಅಟ್ಟಣಿಗೆಯ ಬುಡದ ಮೊದಲನೆಯವರಿಗೆ. ಅಟ್ಟಣಿಗೆಯ ಮೇಲಿನಿಂದ ಮಾಸ್ತರರು ಬಗ್ಗಿ, ಕಿವಿಗೆ ಕೈ ಹಚ್ಚಿ ಕೇಳಿದರು. ಹಿಮ್ಮೇಳಿಯ ಆಸರೆಯಿಲ್ಲದೆ ಹಾಡಿ ಅವರಿಗೆ ಅಭ್ಯಾಸವಿಲ್ಲ. ಶ್ರುತಿ ಪೂರ್ತಿ ತಪ್ಪಿತ್ತು. ಆದರೂ ‘ನೀಲವ್ವಾ’ ಎಂದು ಹಾಡಿದರು.

ಆಯಿ ಕೂತಳು. “ಎಷ್ಟ ಕೆಟ್ಟ ಹಾಡತಾನವಾ,” ಎಂದು ಸೆರಗಿನಿಂದ ಕಣ್ಣು ಒರೆಸಿಕೊಂಡಳು.

ನನ್ನ ಕರಪತ್ರವನ್ನು ನಾನು ಹರಿದಿಲ್ಲ. ‘ಇಳಿಸಿರಿ’ ಎಂಬುದನ್ನು ಹೊಡೆದುಹಾಕಿ ‘ನಿಲ್ಲಲು ಕಲಿಸಿರಿ’ ಎಂದು ಮಾಡಿದ್ದೇನೆ. ಅದರ ಮೊದಲ ಪ್ರತಿ ನಿಮಗೆ. ನೀವು ಆ ಕೋಣೆಯಲ್ಲಿ ಈಗಲೂ ಇದ್ದೀರಿ. ಪಟ್ಟಿ ನಿಮ್ಮ ಮೇಜಿನ ಮೇಲಿದೆ. ಸದ್ದು ಎಂಬ ತಲೆಬರಹದ ಕೆಳಗೆ ಕೆಮ್ಮು, ಕುರ್ಚಿಯ ಕಿರುಗುಟ್ಟುವಿಕೆ, ಒಡಕು ಕೊರಳು ಎಂದು ಬರೆದಿದ್ದೀರಿ. ಮೊದಲಿನ ಎರಡು ಇರಲಿ. ಮೂರನೆಯದನ್ನು ಹೊಡೆದುಹಾಕಿ. ಒಂದು ಗೆರೆ ಸಾಕು.

ಕಾಗದ ಕಾಲದಲ್ಲಿ ಹಿಂದಕ್ಕೆ ಹೋಗುವುದಿಲ್ಲ ಎಂದು ಮಾಸ್ತರರು ನಗುತ್ತಾರೆ. ಒಂದು ವೇಳೆ ಮುಟ್ಟಿ, ನೀವು ಆ ಗೆರೆ ಎಳೆದರೆ, ನೀಲವ್ವ ಮೊದಲ ವರ್ಷವೇ ಮಳೆಯಾಗಿ ಇಳಿದಿರುತ್ತಾಳೆ, ಆಯಿ ಆ ರಿಬ್ಬನ್ನನ್ನು ಮರೆತಿರುತ್ತಾಳೆ, ಈ ಪತ್ರ ಬರೆಯಲು ನನಗೆ ಕಾರಣವೇ ಇರುವುದಿಲ್ಲ. ಈ ಪತ್ರ ಇಲ್ಲದೇ ಹೋದರೂ ಚಿಂತೆಯಿಲ್ಲ. ಎಳೆಯಿರಿ.

ನಿಮ್ಮವಳೇ ಆದ,
ಹನೀಫಾ ನದಾಫ
ಏಳನೇ ಜಮಖಾನೆ