ಇಬ್ಬರಿಗೂ ಒಂದೇ ಬೀಗ

ಜೂನ್ ೩, ಮಂಗಳವಾರ

"ತಂದೆಯ ತೋಳೇ ಎರಡನೆಯ ಮನೆ…" ಎಲ್ಲೋ ಓದಿದ ಸಾಲು. ಮೊದಲ ಮನೆಯೋ ಎರಡನೆಯದೋ ಸರಿಯಾಗಿ ನೆನಪಿಲ್ಲ. ಎರಡನೆಯದೇ ಇರಬೇಕು. ಮೊದಲನೆಯದು ತಾಯಿಯ ಹೊಟ್ಟೆ, ಅಲ್ಲಿಂದ ಕೊಯ್ದು ತೆಗೆದರಲ್ಲ. ಹಾಲಿನ ಬಾಟಲಿ ಕುದಿಸುತ್ತಾ ಅದನ್ನೇ ಯೋಚಿಸಿದೆ. ಮನೆ ಎಂದಮೇಲೆ ಅದು ನಿಂತಿರಬೇಕು. ಮನೆಗೆ ನಿದ್ದೆ ಎಳೆಯುವುದಿಲ್ಲ, ತಲೆ ಸುತ್ತುವುದಿಲ್ಲ ಎಂದುಕೊಂಡು ಬರೆದ ಕವಿ ಯಾರೋ. ಮಕ್ಕಳಿರಲಿಲ್ಲವೇನೋ, ನನ್ನ ಹಾಗೆ.

ತಮ್ಮನ ಮನೆಗೆ ಬಂದು ವಾರವಾಯಿತು. ಅವನ ಹೆಂಡತಿಗೆ ಸಿಸೇರಿಯನ್. ಹೊಲಿಗೆ ಇನ್ನೂ ಎಳೆಯುತ್ತದಂತೆ. ನನ್ನ ಕಾಲೇಜಿಗೆ ರಜೆ. ಬಾ ಅಕ್ಕ ಎಂದ, ಬಂದೆ. ಮೂರನೇ ಮಹಡಿ. ಲಿಫ್ಟ್ ಮೆಕ್ಯಾನಿಕ್ಕನ ಮನೆ, ಕಟ್ಟಡಕ್ಕೆ ಲಿಫ್ಟ್ ಇಲ್ಲ. "ಇದ್ದಿದ್ರೆ ಮನೇಲೂ ರಿಪೇರಿ ಮಾಡ್ತಾ ಕೂತಿರ್ಬೇಕಿತ್ತು" ಅನ್ನುತ್ತಾನೆ.

ಮಗಳಿಗೆ ಅವನೇ ಇಟ್ಟ ಅಡ್ಡಹೆಸರು ಸೈರನ್. ಸಂಜೆ ಮೆಟ್ಟಿಲಲ್ಲಿ ಎದುರುಮನೆ ಡ್ರೈವರ್ ಸಿಕ್ಕಿದರು. "ಮೇಡಂ, ನನ್ನ ಬಸ್ಸಿನ ಹಾರ್ನ್ ಕೆಟ್ಟಿದೆ. ನಿಮ್ಮ ಮಗೂನ ನಾಳೆಯಿಂದ ಡ್ಯೂಟಿಗೆ ಕಳಿಸ್ತೀರಾ?" ಜೊತೆಗಿದ್ದ ತಮ್ಮ ನಕ್ಕ. ಬಾಯಿ ಮಾತ್ರ ನಕ್ಕಿತು.

ಜೂನ್ ೫, ಗುರುವಾರ

ಇವತ್ತು ಬೇಗ ಬಂದ. ಬೂಟು ಬಿಚ್ಚದೆ ಕುರ್ಚಿಯಲ್ಲಿ ಕೂತ. ಬಂದ ಕೂಡಲೇ ಮಗುವನ್ನು ಎತ್ತಿಕೊಳ್ಳುವುದು ಅವನ ರೂಢಿ. ತೊಟ್ಟಿಲ ಕಡೆ ತಿರುಗಿಯೂ ನೋಡಲಿಲ್ಲ. ನಾನೇ ತಂದು ಮುಂದೆ ಹಿಡಿದೆ. ಎರಡೂ ಕೈ ಬೆನ್ನ ಹಿಂದೆ ಇಟ್ಟುಕೊಂಡ — ಚಿಕ್ಕವನಿದ್ದಾಗ ಕದ್ದ ಸಕ್ಕರೆ ಬಚ್ಚಿಡುತ್ತಿದ್ದ ಹಾಗೆ.

"ಬೇಡ ಅಕ್ಕ. ಸುಸ್ತು."

ಸುಸ್ತು ಇದ್ದೇ ಇದೆ. ರಾತ್ರಿಯೆಲ್ಲ ಎಚ್ಚರ, ಹಗಲೆಲ್ಲ ಕೆಲಸ. ಕಣ್ಣ ಕೆಳಗೆ ಮಸಿ ಬಳಿದಂತಾಗಿದೆ. ಆದರೆ ಸುಸ್ತಾದವರು ಹಾಗೆ ಕೈ ಬಚ್ಚಿಡುವುದಿಲ್ಲ.

ಜೂನ್ ೮, ಭಾನುವಾರ

ಅಡುಗೆಮನೆಯಲ್ಲಿ ತಮ್ಮನ ಹೆಂಡತಿ ಮೆಲ್ಲಗೆ ಕೇಳಿದಳು. "ಅತ್ತಿಗೆ, ಒಂದು ಮಾತು. ಅವರಿಗೆ ನನ್ನ ಮೇಲೆ ಬೇಜಾರಾಗಿದೆಯಾ?"

"ಯಾಕೆ?"

"ಮೂರು ದಿನ ಆಯ್ತು, ಪಾಪುನ ಮುಟ್ಟಿಲ್ಲ. ಬಟ್ಟೆ ಒಗೀತಾರೆ, ಪಾತ್ರೆ ತೊಳೀತಾರೆ, ಅಂಗಡಿಗೆ ಹೋಗ್ತಾರೆ. ಪಾಪುನ ಮಾತ್ರ ಕೊಡೋಕೆ ಹೋದ್ರೆ ಬಾತ್‌ರೂಮಿಗೆ ಹೋಗ್ತಾರೆ. ನಿನ್ನೆ ನಾಲ್ಕು ಸಲ ಹೋದ್ರು. ನಾನು ಶುಗರ್ ಚೆಕ್ ಮಾಡಿಸ್ಕೊಳಿ ಅಂದೆ."

ಇಬ್ಬರೂ ನಕ್ಕೆವು. ಅವಳಿಗೆ ನಕ್ಕರೆ ಹೊಲಿಗೆ ನೋಯುತ್ತದೆ. ಹೊಟ್ಟೆ ಹಿಡಿದುಕೊಂಡೇ ಅತ್ತಳು. ಔಷಧಿ ಅಂಗಡಿ ನೋಡಿಕೊಳ್ಳುವವಳು, ದಿನಕ್ಕೆ ನೂರು ಜನರ ಜೊತೆ ಗಟ್ಟಿಯಾಗಿ ಮಾತಾಡುವವಳು. ಗಂಡನನ್ನು ಒಂದು ಮಾತು ಕೇಳಲು ಹೆದರುತ್ತಾಳೆ.

ಜೂನ್ ೯, ಸೋಮವಾರ

ಮಗುವಿಗೆ ಚುಚ್ಚುಮದ್ದು. ನಾಲ್ವರೂ ಹೋದೆವು. ತೂಕ ನೋಡಿದ ನರ್ಸ್ ಒಳ್ಳೆಯ ಹೆಂಗಸು. ಬಾಣಂತಿಯ ಪಕ್ಕ ಸ್ಟೂಲ್ ಎಳೆದುಕೊಂಡು ಕೂತು, ಕೈ ಹಿಡಿದು ಕೇಳಿದಳು. ನಿದ್ದೆ ಬರುತ್ತಾ? ಮಗು ಮಲಗಿದಾಗಲೂ ಬರುತ್ತಾ? ತಮಾಷೆ ಕೇಳಿದ್ರೆ ನಗು ಬರುತ್ತಾ? ಎಲ್ಲ ತಪ್ಪೂ ನನ್ನದೇ ಅನ್ನಿಸುತ್ತಾ? ನಾನಿಲ್ಲದಿದ್ರೇನೇ ವಾಸಿ ಅಂತ ಯಾವತ್ತಾದ್ರೂ ಅನ್ನಿಸ್ತಾ? ನಾಚ್ಕೋಬೇಡಮ್ಮ, ಬಹಳ ಜನಕ್ಕೆ ಅನ್ನಿಸುತ್ತೆ.

ಅವಳು ಒಂದೊಂದಕ್ಕೂ ಉತ್ತರ ಕೊಟ್ಟಳು. ನಿದ್ದೆ ಕಡಿಮೆ. ನಗು ಬರುತ್ತೆ. ಇಲ್ಲ, ಹಾಗೆಲ್ಲ ಅನ್ನಿಸಿಲ್ಲ.

ನಾನು ನೋಡುತ್ತಿದ್ದದ್ದು ಅವಳನ್ನಲ್ಲ. ತಮ್ಮ ಬಾಗಿಲ ಬಳಿ ಬಟ್ಟೆಯ ಚೀಲ ಹಿಡಿದು ನಿಂತಿದ್ದ. ಪ್ರತಿ ಪ್ರಶ್ನೆಗೂ ಅವನ ತುಟಿ ಅಲುಗುತ್ತಿತ್ತು. ದನಿ ಇಲ್ಲ. ಕೊನೆಯ ಪ್ರಶ್ನೆಗೆ ತಲೆ ಕೂಡ ಆಡಿತು — ಹೌದು ಎಂದು.

ನರ್ಸ್ ಎದ್ದು ಅವನ ಕಡೆ ತಿರುಗಿದಳು. ಈಗ ಅವನನ್ನೂ ಕೇಳುತ್ತಾಳೆ ಅಂದುಕೊಂಡೆ. "ಅಪ್ಪ ಅವ್ರೇ, ಹೆಂಡ್ತಿನ ಚೆನ್ನಾಗಿ ನೋಡ್ಕೊಳಿ" ಅಂದಳು. ಹೂಂ ಅಂದ.

ಜೂನ್ ೧೪, ಶನಿವಾರ

ಗ್ರೀಸಣ್ಣ ಬಂದಿದ್ದರು. ತಮ್ಮನ ಕೆಲಸದ ಜೋಡಿ. ಹನ್ನೊಂದು ವರ್ಷದಿಂದ ಇಬ್ಬರದೂ ಒಂದೇ ಸ್ಕೂಟರ್, ಒಂದೇ ಊಟದ ಡಬ್ಬಿ. ಮಗುವಿಗೆ ಟೋಪಿ ತಂದಿದ್ದರು, ಅವರ ಮುಷ್ಟಿಗೂ ಸಾಲದಷ್ಟು ಚಿಕ್ಕದು. ತಮ್ಮ ಅಂಗಡಿಗೆ ಹೋಗಿದ್ದ.

ಗ್ರೀಸಣ್ಣನ ಮೊಣಕೈಗೆ ದೊಡ್ಡ ಬ್ಯಾಂಡೇಜ್. ಏನಾಯ್ತು ಎಂದೆ.

"ಅವ್ನು ಹೇಳಿಲ್ವಾ ಅಕ್ಕಾವ್ರೆ?" ಎಂದವರು ಹೇಳಬಾರದಿತ್ತು ಎಂಬಂತೆ ಟೋಪಿ ನೋಡುತ್ತಾ ಕೂತರು. ಆಮೇಲೆ ಹೇಳಿದರು.

ಲಿಫ್ಟಿನ ತಳದ ಗುಂಡಿಗೆ ಇಳಿಯುವ ಮುಂಚೆ ಮೇಲೆ ಮೆಷಿನ್ ರೂಮಿನಲ್ಲಿ ಕರೆಂಟ್ ಆಫ್ ಮಾಡಿ, ಆ ಸ್ವಿಚ್ಚಿಗೆ ಬೀಗ ಹಾಕಬೇಕು. ಎಷ್ಟು ಜನ ಕೆಲಸಕ್ಕಿದ್ದಾರೋ ಅಷ್ಟು ಬೀಗ. ಅವರವರ ಬೀಗದ ಕೀ ಅವರವರ ಜೇಬಿನಲ್ಲಿ. ಎಲ್ಲರೂ ಹೊರಬಂದು ತಮ್ಮ ಬೀಗ ತೆಗೆಯುವ ತನಕ ಯಾರೂ ಲಿಫ್ಟ್ ಚಾಲೂ ಮಾಡಲಾಗದು. ಇವರಿಬ್ಬರು ಮಾತ್ರ ವರ್ಷಗಳಿಂದ ಒಂದೇ ಬೀಗ ಹಾಕುತ್ತಿದ್ದರು.

"ಗಂಡ ಹೆಂಡ್ತಿಗೆ ಎರಡು ಬೀಗ ಯಾಕೆ ಅಂತ ನಾನೇ ತಮಾಷೆ ಮಾಡ್ತಿದ್ದೆ" ಎಂದರು.

ತಮ್ಮ ಬೇಗ ಮನೆಗೆ ಬಂದ ಆ ಗುರುವಾರ ಗ್ರೀಸಣ್ಣ ಗುಂಡಿಯೊಳಗೆ. ತಮ್ಮ ಮೇಲೆ. ಬೀಗ ತೆಗೆದ, ಸ್ವಿಚ್ ಹಾಕಿದ, ಲಿಫ್ಟನ್ನು ಕೆಳಗೆ ಬಿಟ್ಟ.

"ಮೂಲೆಗೆ ಒತ್ಕೊಂಡು ಮಲಗ್ಬಿಟ್ಟೆ. ಬಚಾವು. ಕೂಗಿದೆ ಕೂಡ. ಲಿಫ್ಟ್ ಓಡೋ ಶಾಫ್ಟಲ್ಲಿ ಕೂಗಿದ್ರೆ ನಮ್ಮ ದನೀನೇ ವಾಪಸ್ ಬರುತ್ತೆ, ಅಷ್ಟೆ. ಆಫೀಸಿಗೆ ಜಾರಿ ಬಿದ್ದೆ ಅಂದಿದ್ದೀನಿ. ನಾನು ಮರ್ತಿದ್ದೀನಿ ಅಕ್ಕಾವ್ರೆ. ಅವ್ನು ಮರೀತಿಲ್ಲ."

ಜೂನ್ ೨೩, ಸೋಮವಾರ

ಬರೆಯಲಾಗಲಿಲ್ಲ. ತಮ್ಮನನ್ನು ಎರಡು ಸಲ ಕೇಳಿದೆ. ಎರಡು ಸಲವೂ "ಗ್ರೀಸಣ್ಣ ಎಲ್ಲಾನೂ ದೊಡ್ಡದು ಮಾಡ್ತಾನೆ" ಎಂದು ಎದ್ದುಹೋದ. ಕೆಲಸಕ್ಕೆ ಹೋಗುತ್ತಾನೆ, ಬರುತ್ತಾನೆ. ತಟ್ಟೆಯಲ್ಲಿ ಅನ್ನ ಹಾಗೇ ಉಳಿಯುತ್ತದೆ.

ಇವತ್ತು ಸಂಜೆ ತಾರಸಿಯಲ್ಲಿ ಮಗುವಿನ ಬಟ್ಟೆ ಒಣಹಾಕುತ್ತಿದ್ದೆ. ಕ್ಲಿಪ್ಪಿನ ಬುಟ್ಟಿ ಹಿಡಿದು ಪಕ್ಕದಲ್ಲಿ ನಿಂತ. ಒಂದೊಂದೇ ಕ್ಲಿಪ್ ಕೊಡುತ್ತಾ, ಬಟ್ಟೆಗಳ ಆಚೆಯಿಂದ, ತಾನಾಗೇ ಶುರುಮಾಡಿದ. ಮುಖ ಕಾಣುತ್ತಿರಲಿಲ್ಲ. ಅದಕ್ಕೇ ಹೇಳಿದನೇನೋ.

"ಮರೆತೆ ಅಂತ ಗ್ರೀಸಣ್ಣ ಅಂದ್ಕೊಂಡಿದ್ದಾನೆ. ಮರೆಯೋದು ಬೇರೆ ಅಕ್ಕ. ಕೆಳಗೆ ಒಬ್ಬ ಮನುಷ್ಯ ಇದ್ದಾನೆ ಅನ್ನೋದೇ ನನ್ನ ತಲೇಲಿ ಇರ್ಲಿಲ್ಲ. ಖಾಲಿ. ಬೀಗ ತೆಗೆಯೋವಾಗ ಶಿಳ್ಳೆ ಹಾಕ್ತಿದ್ದೆ."

"ನಿದ್ದೆ ಇಲ್ಲ ಕಣೋ ನಿಂಗೆ."

"ಸರಿ. ಪಾಪು ಕೈಲಿದ್ದಾಗ ಹಂಗೇ ಖಾಲಿ ಆದ್ರೆ? ಕೈಲಿ ಏನಿದೆ ಅನ್ನೋದೇ ತಿಳೀದೆ ಕೈ ಬಿಟ್ರೆ?"

ಒದ್ದೆ ಬಟ್ಟೆ ನನ್ನ ಕೈಯಲ್ಲೇ ಉಳಿಯಿತು. ನಾಲ್ಕು ದಿನ ಚೆನ್ನಾಗಿ ಮಲಗಿದರೆ ಸರಿಹೋಗುತ್ತೆ ಅಂದೆ. ಇಷ್ಟು ಓದಿದವಳಿಗೆ ಸಿಕ್ಕ ಮಾತು ಅದು. ಅವನು ಇನ್ನೊಂದು ಕ್ಲಿಪ್ ಕೊಟ್ಟ.

ಆಮೇಲೆ ನೇರವಾಗಿ ಕೇಳಿದೆ. "ಸಾಯ್ಬೇಕು ಅನ್ನಿಸುತ್ತಾ?"

ಬುಟ್ಟಿಯನ್ನು ನೆಲಕ್ಕಿಟ್ಟ. "ಸಾಯೋದಲ್ಲ. ಇಲ್ದೇ ಇರೋದು. ನಾನಿಲ್ದಿದ್ರೆ ಇವರಿಬ್ಬರೂ ಸೇಫು, ಗ್ರೀಸಣ್ಣನೂ ಸೇಫು. ಲಿಫ್ಟ್ ಮೇಲೆ ನಿಂತು ಕೆಲಸ ಮಾಡ್ತಿರೋವಾಗ ಬರುತ್ತೆ ಆ ಯೋಚನೆ. ಕೆಟ್ಟದಾಗಿ ಏನೂ ಇರಲ್ಲ. ತಣ್ಣಗಿರುತ್ತೆ."

ಆ ತಣ್ಣಗೆ ಎಂಬುದಕ್ಕೆ ಹೆದರಿದೆ. ರಜೆ ಹಾಕು ಎಂದೆ. "ಏನಂತ ಬರೀಲಿ? ಹೆತ್ತಿದ್ದು ಹೆಂಡ್ತಿ, ನಿನಗೇನು ಬಂತು ಅಂತಾರೆ." ಹಾಗಾದರೆ ಡಾಕ್ಟರ ಹತ್ತಿರ ಹೋಗೋಣ, ನಾನು ಬರುತ್ತೇನೆ. "ಬೇಡ. ಮಗು ಹತ್ರ ಇರು. ನಾಳೆ ನಾನೇ ಹೋಗ್ತೀನಿ." ಆಣೆ ಮಾಡು ಎಂದೆ. ಮಾಡಿದ. ಗ್ರೀಸಣ್ಣನಿಗೂ ಫೋನ್ ಮಾಡಿ, ಅವನನ್ನು ಶಾಫ್ಟಿಗೆ ಇಳಿಸಬೇಡಿ ಎಂದೆ. "ಇವತ್ತೆಲ್ಲ ಬಾಗಿಲು ಒರೆಸೋ ಕೆಲಸಾನೇ ಕೊಟ್ಟಿದ್ದೆ ಅಕ್ಕಾವ್ರೆ. ಬೈಕೊಂಡು ಮಾಡ್ದ. ಮುಂದೇನೂ ಅದೇ."

ಜೂನ್ ೨೪, ಮಂಗಳವಾರ

ಹೋಗಿದ್ದ. ಹೋಗಿ ಬಂದ.

"ಕ್ಯೂನಲ್ಲಿ ನಿಂತೆ. ಕೌಂಟರಿನ ಹುಡುಗಿ ಪೇಶೆಂಟ್ ಹೆಸರೇನು ಅಂದ್ಲು." ಕಪ್ಪಿನ ಹಿಡಿ ತಿರುಗಿಸುತ್ತಾ ಕೂತಿದ್ದ. "ಇವಳ ಹೆಸರು ಹೇಳ್ಬಿಟ್ಟೆ."

"ಆಮೇಲೆ?"

"ಆಮೇಲೇನು. ಅವ್ರನ್ನ ಕರ್ಕೊಂಡು ಬನ್ನಿ ಅಂದ್ಲು. ಸರಿ ಅಂತ ಬಂದೆ."

ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಕ್ಯೂನಲ್ಲಿ ಹಿಂದೆ ಎಷ್ಟು ಜನ ಇದ್ದರೋ. ಅಷ್ಟು ಜನರ ಮುಂದೆ ತನ್ನ ಹೆಸರು ಅವನ ಗಂಟಲಿನಿಂದ ಬರಲಿಲ್ಲ.

ಜೂನ್ ೨೫, ಬುಧವಾರ

ಅವನು ಬೇಡವೆಂದರೂ ಅವಳಿಗೆ ಹೇಳಿದೆ. ಮಗುವಿಗೆ ಹಾಲು ಕೊಡುತ್ತಾ ಕೇಳಿದಳು. ಪೂರ್ತಿ ಕೇಳಿದ ಮೇಲೆ, "ಹಾಗಾದ್ರೆ ನನ್ನ ಮೇಲೆ ಕೋಪ ಅಲ್ವಾ ಅತ್ತಿಗೆ?" ಎಂದಳು. ಮುಖ ಸಡಿಲವಾಯಿತು. ಮರುಕ್ಷಣವೇ ಬಿಗಿಯಿತು. "ಎಷ್ಟು ದಿನದಿಂದ? ನಾನು ಪಕ್ಕದಲ್ಲೇ ಮಲಗಿದ್ದೆನಲ್ಲ. ದಿನಾ ಅಂಗಡೀಲಿ ಜನರ ಮುಖ ನೋಡಿದ್ರೇನೇ ಏನು ಕಾಯಿಲೆ ಅಂತ ಹೇಳ್ತೀನಿ ನಾನು."

ಸಂಜೆ ಇಬ್ಬರೂ ಕೋಣೆಯಲ್ಲಿ ಮಾತಾಡಿದರು. ಬಾಗಿಲು ಮುಚ್ಚಿತ್ತು. ಜಗಳದ ದನಿಯಲ್ಲ. ಹೊರಬಂದಾಗ ಅವಳ ಕಣ್ಣು ಊದಿತ್ತು, ಅವನದು ಒಣಗಿತ್ತು. "ಶುಕ್ರವಾರ ನಾವು ಮೂವರೂ ಡಾಕ್ಟರ ಹತ್ರ ಹೋಗೋದು ಅಂತ ಆಗಿದೆ" ಎಂದಳು ನನಗೆ. ಅವನು ಗೋಡೆಯ ಸ್ವಿಚ್ಚನ್ನೇ ನೋಡುತ್ತಿದ್ದ.

ಜೂನ್ ೨೭, ಶುಕ್ರವಾರ, ಮಧ್ಯಾಹ್ನ

ಆಸ್ಪತ್ರೆಯ ಬೆಂಚಿನ ಮೇಲೆ ಕೂತಿದ್ದೇನೆ. ಎದುರಿನ ಬಾಗಿಲು ಮುಚ್ಚಿದೆ. ಒಳಗಿನ ಮಾತು ಕೇಳಿಸುವುದಿಲ್ಲ. ಕೈ ಸುಮ್ಮನಿರುತ್ತಿಲ್ಲ, ಬರೆಯುತ್ತಿದ್ದೇನೆ.

ಬೆಳಿಗ್ಗೆ ನಾವು ಏಳುವ ಮುಂಚೆಯೇ ಯೂನಿಫಾರಂ ಹಾಕಿಕೊಂಡು ಹೊರಟುಹೋಗಿದ್ದ. ಒಂಬತ್ತಕ್ಕೆ ಗ್ರೀಸಣ್ಣನ ಫೋನ್ — ಬಂದಿಲ್ಲವಲ್ಲ ಎಂದು. ನಾವು ಫೋನ್ ಮಾಡಿದರೆ ರಿಂಗಾಗುತ್ತದೆ, ಎತ್ತುವುದಿಲ್ಲ. ಗ್ರೀಸಣ್ಣ ಸ್ಕೂಟರಿನಲ್ಲಿ ಲಿಫ್ಟ್ ಕೆಲಸದ ಸೈಟಿನಿಂದ ಸೈಟಿಗೆ ಹುಡುಕಿದರು. ಪ್ರತಿ ಸಲ ಫೋನ್ ಮಾಡಿ, "ಇಲ್ಲೂ ಇಲ್ಲ ಅಕ್ಕಾವ್ರೆ." ದನಿ ಪ್ರತಿ ಸಲವೂ ಚಿಕ್ಕದಾಗುತ್ತಿತ್ತು. ಅವಳು ಬಾಲ್ಕನಿಯ ಕಂಬಿ ಹಿಡಿದು ರಸ್ತೆ ನೋಡುತ್ತಾ ನಿಂತವಳು ನಿಂತೇ ಇದ್ದಳು. ಮಗು ಅಳುತ್ತಿತ್ತು. ಯಾರೂ ಎತ್ತಿಕೊಳ್ಳಲಿಲ್ಲ. ಅಷ್ಟು ಹೊತ್ತು ಅಳಲು ಬಿಟ್ಟೆವಲ್ಲ… ಅದರ ದನಿ ನನ್ನ ಕಿವಿಗೆ ಬೀಳುತ್ತಲೇ ಇರಲಿಲ್ಲ.

ಬಾಗಿಲು ಬಡಿದ ಸದ್ದು. ಎದುರುಮನೆ ಡ್ರೈವರ್. ಡ್ಯೂಟಿಯ ಬಟ್ಟೆಯಲ್ಲೇ ಇದ್ದರು. ಮಗು ಅಳುತ್ತಿದೆ ಎಂದು ಬೈಯಲು ಬಂದರೇನೋ ಅಂದುಕೊಂಡೆ. ಅವಳೂ ಮಗುವನ್ನು ಎತ್ತಿಕೊಂಡು ನನ್ನ ಹಿಂದೆ ಬಂದು ನಿಂತಳು.

"ಮೇಡಂ, ಗಾಬರಿ ಆಗ್ಬೇಡಿ. ನಿಮ್ಮ ತಮ್ಮ ಕೆಳಗೆ, ಮೆಟ್ಟಿಲ ಹಿಂದೆ, ಮೀಟರ್ ಬಾಕ್ಸ್ ಹತ್ರ ಕೂತಿದ್ದಾನೆ. ಬೆಳಗ್ಗೆ ಡ್ಯೂಟಿಗೆ ಹೋಗೋವಾಗ ಯಾರೋ ಕೂತ ಹಾಗಿತ್ತು, ಕರೆಂಟಿನವನು ಅಂದ್ಕೊಂಡೆ. ಈಗ ಬಂದ್ರೆ ಅಲ್ಲೇ ಇದ್ದಾನೆ. ಕುಡಿದಿದ್ದಾನಾ ಅಂತ ಬಗ್ಗಿ ನೋಡ್ದೆ. ಇಲ್ಲ. 'ಅಕ್ಕನಿಗೆ ಹೇಳಿ, ನನ್ನನ್ನ ಡಾಕ್ಟರ ಹತ್ರ ಕರ್ಕೊಂಡು ಹೋಗ್ಲಿ, ಒಬ್ನೇ ಎದ್ರೆ ಬೇರೆ ಕಡೆ ಹೋಗ್ಬಿಡ್ತೀನಿ' ಅಂದ. ಅವನ ಪಕ್ಕ ನನ್ನ ಕಂಡಕ್ಟರನ್ನ ಕೂರಿಸಿ ಬಂದಿದ್ದೀನಿ. ನೀವಿಬ್ರೂ ಚಪ್ಪಲಿ ಹಾಕ್ಕೊಳ್ಳಿ. ನಿಧಾನಕ್ಕೆ ಇಳೀರಮ್ಮ ನೀವು, ಹೊಲಿಗೆ ಇದೆ. ಮಗೂನ ಇಲ್ಲಿ ಕೊಡಿ. ಕೊಡಿ ಮೇಡಂ, ಕೈ ತೊಳ್ಕೊಂಡೇ ಬಂದಿದ್ದೀನಿ."